ಮಾಡಿದವರು ಯಾರು, ಉಣ್ಣುವವರು ಯಾರು?



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ. ಬೈಯೋದಿದ್ರ ಓದಿದ ಮ್ಯಾಲೆ ಬೈರಿ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ದಲಿತ ಕೇರಿಗಳಲ್ಲಿ ಕ್ರೈಸ್ತ ಕುಟುಂಬಗಳು ಅದಾವ. ನಮ್ಮದೇ ರಕ್ತ, ನಮ್ಮದೇ ಬೀಗರು. ಅವರ ಮಕ್ಕಳಿಗೆ ಎಸ್‌ಸಿ ಸರ್ಟಿಫಿಕೇಟ್ ಸಿಗೋದಿಲ್ಲ ಅನ್ನೋ ಮಾತು ಬಂದಾಗೆಲ್ಲ ನಮ್ಮ ಗೆಳೆಯರೇ ಕೆಲವರು ವಾಟ್ಸಾಪ್ ಗ್ರೂಪಿನಲ್ಲಿ ಹಾಕ್ತಾರ: "ಅವರು ಬಿಟ್ಟು ಹೋದವರು, ಅನುಭವಿಸಲಿ. ಮಾಡಿದ್ದುಣ್ಣೋ ಮಹಾರಾಯ."

ಈ ಗಾದೆ ಮಾತೇ ನನ್ನ ತಕರಾರು. ಮಾಡಿದವನೇ ಉಣ್ಣೋದಾಗಿದ್ದರೆ ನನಗೆ ಏನೂ ಹೇಳೋದಿರಲಿಲ್ಲ. ಇತಿಹಾಸದಲ್ಲಿ ಹಂಗ ಆಗೋದಿಲ್ಲ. ಮಾಡುವವನು ಒಬ್ಬ, ಉಣ್ಣುವವನು ಅವನ ಮೊಮ್ಮಗ. ಎಷ್ಟೋ ಸಲ ಮಾಡಿದವನ ಮೊಮ್ಮಗನೂ ಅಲ್ಲ, ಯಾರೋ ಬಡವನ ಮೊಮ್ಮಗ. ಇದನ್ನು ನಾನು ಭಾವುಕನಾಗಿ ಹೇಳ್ತಾ ಇಲ್ಲ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ನೋಡ್ತಾ ಬಂದವನು. ಪ್ರತಿ ಕಡತಕ್ಕೂ ಒಂದು ತಾರೀಖು, ಒಂದು ಸಹಿ ಇರ್ತದ. ಈ ವಿಷಯದ ತಾರೀಖುಗಳನ್ನು ಒಂದೊಂದಾಗಿ ಹೇಳ್ತೀನಿ, ನೀವೇ ಲೆಕ್ಕ ಮಾಡ್ರಿ.

1856ರಿಂದ ಶುರು ಮಾಡೋಣ. ಆ ವರ್ಷ ಜೂನ್ ತಿಂಗಳಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಫೀಸು ಕಟ್ಟಲು ತಯಾರಿದ್ದ. ಕಾನೂನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಮುಂಬೈ ಸರ್ಕಾರ ಆಗೋದಿಲ್ಲ ಅಂತು. ಒಬ್ಬ ಹುಡುಗನ ಸಲುವಾಗಿ ಮೇಲ್ಜಾತಿ ಮಕ್ಕಳು ಶಾಲೆ ಬಿಟ್ಟರೆ ಶಾಲೆಯೇ ನಿರುಪಯೋಗ ಆಗ್ತದ, ಅದಕ್ಕೆ ಬೇಡ ಅನ್ನೋದು ಕಾರಣ. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕಡೆಯಿಂದ ಆಕ್ಷೇಪ ಬಂತು. 1858ರಲ್ಲಿ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಕಾಗದದ ಮೇಲೆ ನ್ಯಾಯ ಎರಡೇ ವರ್ಷದಲ್ಲಿ ಬಂತು. ಆದರೆ ನಮ್ಮ ಮಕ್ಕಳಿಗೆ ಪ್ರವೇಶ ನಿರಾಕರಿಸಿದ ಶಾಲೆಗೆ ಅನುದಾನ ಇಲ್ಲ ಅಂತ ಮುಂಬೈ ಸರ್ಕಾರ ಹೇಳಬೇಕಾದರೆ 1923 ಬಂತು. ಬಾಬಾಸಾಹೇಬರು ಧಾರವಾಡದಲ್ಲಿ ನಮ್ಮ ಹುಡುಗರಿಗೆ ವಸತಿ ನಿಲಯ ತೆರೆಸಿ, ನಮ್ಮ ಬಿ.ಎಚ್. ವರಾಳೆಯವರ ಕೈಗೆ ಅದನ್ನು ಒಪ್ಪಿಸಬೇಕಾದರೆ 1929 ಆಯ್ತು. 1856ರಲ್ಲಿ ಒಬ್ಬ ಅಧಿಕಾರಿ ಮಾಡಿದ ತಪ್ಪಿಗೆ 1929ರಲ್ಲೂ ನಾವು ದಂಡ ಕಟ್ಟುತ್ತಿದ್ದೆವು. ಎಪ್ಪತ್ಮೂರು ವರ್ಷ!

ಈ ನಡುವಿನ ಕಾಲದಲ್ಲಿ ನಮ್ಮವರಿಗೆ ಅಕ್ಷರ ಎಲ್ಲಿಂದ ಬರಬೇಕು? ಬಂದ ದಾರಿಗಳಲ್ಲಿ ಮಿಷನ್ ಶಾಲೆ ಒಂದು. ಇದನ್ನು ಹೇಳಿದರೆ ಕೆಲವರಿಗೆ ಉರಿ. ಆದರೂ ಇದ್ದದ್ದು ಇದ್ದಂಗ ಹೇಳಬೇಕಲ್ಲ.

ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಇಲ್ಲಿ ಕೆಲಸ ಶುರು ಮಾಡಿದರು. ಧಾರವಾಡ ಕಡೆ 1837ರಲ್ಲಿ ಬಾಸೆಲ್ ಮಿಷನ್ ಬಂತು. 1904ರಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಬಿಟ್ಟುಕೊಟ್ಟರು. ಪೇಟೆಯ ಬಂಗಲೆ ಬಿಟ್ಟು ಹಳ್ಳಿಯ ಕೇರಿಗಳಿಗೆ ಕ್ರಿಸ್ತನ ಹೆಸರು ಗುಂಪು ಗುಂಪಾಗಿ ಇಳಿದದ್ದು ಅದರ ಮುಂದಿನ ದಶಕಗಳಲ್ಲಿ. ಒಬ್ಬೊಬ್ಬರಾಗಿ ಅಲ್ಲ, ಕುಟುಂಬ ಕುಟುಂಬವೇ ಹೋದವು.

"ಹಾಲಿನಪುಡಿಗೆ, ಗೋಧಿಗೆ ಹೋದರು" ಅಂತ ಹೀಯಾಳಿಸೋರು ಅದಾರ. ಸ್ವಲ್ಪ ಯೋಚನೆ ಮಾಡ್ರಿ. ಅಂದಿನ ಕಾಲದ ನಮ್ಮ ಮುತ್ತಜ್ಜ ಊರ ಬಾವಿ ಮುಟ್ಟಂಗಿಲ್ಲ. ಸತ್ತ ದನ ಹೊರಬೇಕು. ಗೌಡರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ಮಗಳು ಹುಟ್ಟಿದರೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಬೇಕು ಅನ್ನೋ ಒತ್ತಡ ಬೇರೆ. ಅಂಥವನ ಹತ್ತಿರ ಒಬ್ಬ ಬಂದು, ನೀನೂ ದೇವರ ಮಗ, ಒಳಗೆ ಬಾ, ಕೂಡು, ನಿನ್ನ ಹುಡುಗನನ್ನು ಓದಿಸು ಅಂದ. ಒಳಗೆ ಕರೆದದ್ದೇ ದೊಡ್ಡದು. ರೊಟ್ಟಿ ಆಮೇಲಿನ ಮಾತು. ಹಸಿದವನಿಗೆ ರೊಟ್ಟಿ ಬೇಕಾಗಿತ್ತು ಅನ್ನೋದೇ ಅಪರಾಧ ಆಗಿದ್ದರೆ, ಅವನನ್ನು ಹಸಿವಿಗೆ ಹಾಕಿದವರ ಅಪರಾಧಕ್ಕೆ ಏನಂತ ಹೆಸರಿಡೋಣ?

ಆ ಆಯ್ಕೆ ಸರಿ ಇತ್ತು ಅನ್ನೋದೇ ನನ್ನ ಅಭಿಪ್ರಾಯ. ನಾನು ಕ್ರೈಸ್ತ ಅಲ್ಲ. ನನಗೆ ದಾರಿ ತೋರಿಸಿದವರು ಬಾಬಾಸಾಹೇಬರು. ಆದರೂ ಹೇಳ್ತೀನಿ, ತಲೆ ಎತ್ತಬೇಕು ಅಂತ ಮಾಡಿದ ಆಯ್ಕೆ ಸರಿಯಾದ ಆಯ್ಕೆಯೇ. ಅದರ ಫಲವೂ ತಡವಾಗಿಯೇ ಬಂತು. ಸೇರಿದ ಅಜ್ಜ ಹೆಬ್ಬೆಟ್ಟಿನವನಾಗಿಯೇ ಸತ್ತ. ಅವನ ಮಗ ಬೈಬಲ್ಲು ಕೂಡಿಸಿ ಕೂಡಿಸಿ ಓದಿದ. ಮೊಮ್ಮಗಳು ನರ್ಸ್ ಆದಳು, ಮಾಸ್ತರಿಣಿ ಆದಳು. ನಮ್ಮ ಬೀಗರ ಮನೆಗಳಲ್ಲೇ ಇದನ್ನು ನೋಡೇನಿ. ಸರಿಯಾಗಿ ಬಿತ್ತಿದ್ದು ಬೆಳೆಯಾಗಬೇಕಾದರೆ ಮೂರು ತಲೆಮಾರು ಬೇಕಾಯ್ತು.

ಇನ್ನು ತಪ್ಪಾಗಿ ಬಿತ್ತಿದ್ದರ ಕಥೆ.

ಕ್ರೈಸ್ತ ಸಭೆಗಳು ಜಾತಿ ವಿಷಯದಲ್ಲಿ ಬಾಯಲ್ಲಿ ಒಂದು ಹೇಳಿದವು, ಅಂಗಳದಲ್ಲಿ ಇನ್ನೊಂದು ನಡೆಯೋಕೆ ಬಿಟ್ಟವು. 1606ರಲ್ಲಿ ಮಧುರೆಗೆ ಬಂದ ರೋಬರ್ಟೊ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ರೀತಿ ಬದುಕಿದ. ಮೇಲ್ಜಾತಿಯವರನ್ನು ಸೆಳೆಯೋದು ಉದ್ದೇಶ. ಅದರ ಹಿಂದೆಯೇ ಮೇಲಿನವರಿಗೆ ಬೇರೆ ಪಾದ್ರಿ, ಅಸ್ಪೃಶ್ಯರಿಗೆ ಬೇರೆ ಪಾದ್ರಿ ಅನ್ನೋ ಏರ್ಪಾಡು ಬಂತು. ಉಪಾಯ ಒಳ್ಳೆಯದು ಅಂತ ಅವತ್ತು ಅನ್ನಿಸಿರಬೇಕು. ಎರಡೂವರೆ ಶತಮಾನದ ನಂತರ ಅದೇ ತಮಿಳುನಾಡಿನ ವಡಕ್ಕನ್‌ಕುಳಂ ಊರಲ್ಲಿ ಚರ್ಚನ್ನೇ ಪ್ಯಾಂಟಿನ ಎರಡು ಕಾಲಿನಂಗ ಕಟ್ಟಿದರು. ಒಂದು ಕಾಲಿನಲ್ಲಿ ಒಂದು ಜಾತಿ, ಇನ್ನೊಂದರಲ್ಲಿ ಉಳಿದವರು. ಆ ನಡುಗೋಡೆ ಬಿದ್ದದ್ದು 1910ರಲ್ಲಿ, ಅದೂ ಜಗಳ ಆಗಿ, ಕೋರ್ಟು ಕಚೇರಿ ಆಗಿ.

ಪ್ರೊಟೆಸ್ಟೆಂಟರು ಈ ವಿಷಯದಲ್ಲಿ ಬಿಗಿ ಇದ್ದರು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಪೂರ್ತಿ ಬಿಡಬೇಕು ಅಂತ ಪತ್ರ ಹೊರಡಿಸಿದ. ಬಾಸೆಲ್ ಮಿಷನ್ನಿನವರೂ ಜಾತಿ ಬಿಟ್ಟು ಬಂದರೆ ಮಾತ್ರ ಒಳಗೆ ಅಂದರು. ಇದು ಸರಿಯಾದ ಮಾತು, ಗೌರವದ ಮಾತು. ಆದರೆ ಮಾತು ಹೇಳಿ ಬಿಟ್ಟರೆ ಊರು ಬದಲಾಗ್ತದೇನು? ದೀಕ್ಷಾಸ್ನಾನ ಆದವನು ಮನೆಗೆ ಹೋಗಬೇಕಾದದ್ದು ಅದೇ ಕೇರಿಗೆ. ನೀರು ತರಬೇಕಾದದ್ದು ಅದೇ ಬಾವಿಯಿಂದ. ಊರಿನವರ ಬಾಯಲ್ಲಿ ಅವನ ಹೆಸರು ಅದೇ ಹೊಲೆಯ, ಅದೇ ಮಾದಿಗ. ಸಭೆಯ ಪುಸ್ತಕದಲ್ಲಿ ಮಾತ್ರ "ಕ್ರಿಶ್ಚಿಯನ್" ಅಂತ ಬಂತು. ಶಾಲೆಯ ದಾಖಲಾತಿ ಪುಸ್ತಕದ ಜಾತಿ ಕಾಲಂನಲ್ಲೂ ಯಾರೋ ಮಾಸ್ತರ್ ಅದನ್ನೇ ಬರೆದ. ಮುತ್ತಜ್ಜನಿಗೆ ಅದನ್ನು ಕಂಡು ಹೆಮ್ಮೆ ಆಗಿರಬೇಕು. ಮೊದಲ ಸಲ ತನ್ನ ಹೆಸರಿನ ಮುಂದೆ ಬೈಗುಳ ಅಲ್ಲದ ಒಂದು ಶಬ್ದ ಇತ್ತು.

ಆ ಒಂದು ಶಬ್ದಕ್ಕೆ ಮುಂದೆ ಏನು ಬೆಲೆ ತೆರಬೇಕಾಯ್ತು ನೋಡ್ರಿ.

1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ ಬಾಬಾಸಾಹೇಬರು, ಹಿಂದೂ ಆಗಿ ಸಾಯೋದಿಲ್ಲ ಅಂತ ಘೋಷಣೆ ಮಾಡಿದರು. ಎಲ್ಲ ಧರ್ಮದವರೂ ಅವರ ಬಾಗಿಲಿಗೆ ಬಂದರು, ಮೆಥಡಿಸ್ಟ್ ಬಿಷಪ್ ಪಿಕೆಟ್ ಕೂಡ. ಬಾಬಾಸಾಹೇಬರು ಕ್ರೈಸ್ತ ಧರ್ಮವನ್ನು ಕಡೆಗಣಿಸಲಿಲ್ಲ, ಆಳವಾಗಿ ಓದಿದರು. ಮತಾಂತರವಾದ ಅಸ್ಪೃಶ್ಯನ ಸ್ಥಿತಿ ಏನಾಗಿದೆ ಅಂತ ಅವರು ಬರೆದದ್ದು ಅವರ ಇಂಗ್ಲಿಷ್ ಬರಹಗಳ 5ನೇ ಸಂಪುಟದಲ್ಲಿದೆ. ಅವರ ದೂರು ಎರಡು. ಸಭೆಗಳು ಜಾತಿಯನ್ನು ಸಹಿಸಿಕೊಂಡವು. ಮತಾಂತರವಾದವರು ಅನ್ಯಾಯದ ವಿರುದ್ಧ ರಾಜಕೀಯವಾಗಿ ದನಿ ಎತ್ತಲಿಲ್ಲ. ಸುಮ್ಮನಿರೋದನ್ನು ಕಲಿತ ಸಮಾಜಕ್ಕೆ ಮುಂದೆ ಪೆಟ್ಟು ಬೀಳ್ತದ ಅನ್ನೋದು ಅವರಿಗೆ ಕಂಡಿತ್ತು. ಪೆಟ್ಟು ಬಿತ್ತು.

1936ರಲ್ಲಿ ಬ್ರಿಟಿಷ್ ಸರ್ಕಾರ ಪರಿಶಿಷ್ಟ ಜಾತಿಗಳ ಮೊದಲ ಪಟ್ಟಿ ಹೊರಡಿಸಿತು. ಭಾರತೀಯ ಕ್ರೈಸ್ತರು ಈ ಪಟ್ಟಿಯಲ್ಲಿ ಬರೋದಿಲ್ಲ ಅಂತ ಅದರಲ್ಲೇ ಬರೆದಿತ್ತು. ಅವತ್ತಿನ ಲೆಕ್ಕ ಚುನಾವಣೆಯದ್ದು. ಕ್ರೈಸ್ತರಿಗೆ ಪ್ರತ್ಯೇಕ ಸೀಟುಗಳಿದ್ದವು, ಹಾಗಾಗಿ ಎರಡು ಕಡೆ ಎಣಿಸಬಾರದು ಅನ್ನೋದು.

1949ರ ಮೇ ತಿಂಗಳು ಸಂವಿಧಾನ ಸಭೆ. ಅಲ್ಪಸಂಖ್ಯಾತರಿಗೆ ಮೀಸಲು ಸೀಟು ಬೇಡ ಅನ್ನೋ ತೀರ್ಮಾನ ಬಂತು. ಬಂಗಾಳದ ಎಚ್.ಸಿ. ಮುಖರ್ಜಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಫಾದರ್ ಜೆರೋಮ್ ಡಿಸೋಜಾ ಇವರೆಲ್ಲ ಅದಕ್ಕೆ ಒಪ್ಪಿಗೆ ಕೊಟ್ಟರು. ದೇಶ ಒಡೆದ ಹೊತ್ತು ಅದು. ನಾವು ಬೇರೆ ಅಲ್ಲ, ನಿಮ್ಮ ಜೊತೆಗೇ ಇದ್ದೇವೆ ಅಂತ ತೋರಿಸುವ ದೊಡ್ಡತನ ಅದರಲ್ಲಿತ್ತು. ನಾನು ಅದನ್ನು ಕೆಟ್ಟದ್ದು ಅನ್ನೋದಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಆ ಸಭೆಯಲ್ಲಿ ಗೋಕಾಕ ಸೀಮೆಯ ಕೇರಿಯ ಕ್ರೈಸ್ತನ ಪರವಾಗಿ ಯಾರು ಕುಂತಿದ್ದರು? ಓದಿದವರು, ಸ್ಥಿತಿವಂತರು ಮಾಡಿದ ತ್ಯಾಗ ಅದು. ಅವರಿಗೆ ಕಳಕೊಳ್ಳೋದು ಕಡಿಮೆ ಇತ್ತು.

1950ರ ಆಗಸ್ಟ್ 10. ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶ. ಅದರ 3ನೇ ಪ್ಯಾರಾ ಪ್ರಕಾರ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಪರಿಶಿಷ್ಟ ಜಾತಿ ಅಲ್ಲ. ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ಮಾತ್ರ ವಿನಾಯಿತಿ. ಈಗ ನೋಡ್ರಿ. 1936ರಲ್ಲಿ ಅವರನ್ನು ಹೊರಗಿಟ್ಟದ್ದು ಅವರಿಗೆ ಬೇರೆ ಸೀಟು ಇದೆ ಅಂತ. 1949ರಲ್ಲಿ ಆ ಸೀಟೂ ಹೋಯ್ತು. 1950ರಲ್ಲಿ ಹೊರಗಿಟ್ಟದ್ದು ಮಾತ್ರ ಉಳೀತು. ದಲಿತ ಕ್ರೈಸ್ತನಿಗೆ ಆ ಕಡೆಯದ್ದೂ ಇಲ್ಲ, ಈ ಕಡೆಯದ್ದೂ ಇಲ್ಲ.

1956ರಲ್ಲಿ ಎಲ್ಲ ಸಿಖ್ ದಲಿತರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಾವು ಇವತ್ತು ಬೌದ್ಧ ಅಂತ ಬರೆಸಿಯೂ ಎಸ್‌ಸಿ ಆಗಿ ಉಳಿದಿದ್ದೇವೆ ಅಂದರೆ ಅದು ಆ 1990ರ ತಿದ್ದುಪಡಿಯಿಂದ. ಬಾಬಾಸಾಹೇಬರು ದೀಕ್ಷೆ ತಗೊಂಡದ್ದು 1956ರಲ್ಲಿ. ಮೂವತ್ನಾಲ್ಕು ವರ್ಷ ನಮ್ಮವರೂ ಹೊರಗೇ ಇದ್ದರು. "ಬಿಟ್ಟು ಹೋದವರು ಅನುಭವಿಸಲಿ" ಅಂತ ಬರೆಯೋ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಬೇಕು. ಅದೇ ಮಾತನ್ನು ಮೂವತ್ನಾಲ್ಕು ವರ್ಷ ನಮಗೂ ಹೇಳಿದ್ದರು.

ನಮ್ಮ ರಾಜ್ಯದ್ದೇ ಒಂದು ಕೇಸ್ ಐತಿ. ಕೋಲಾರದ ಚಿನ್ನದ ಗಣಿ, ಮೀಸಲು ಕ್ಷೇತ್ರ. 1967ರಲ್ಲಿ ಎಸ್. ರಾಜಗೋಪಾಲ್ ಗೆದ್ದರು. ಎದುರಾಳಿ ಸಿ.ಎಂ. ಆರ್ಮುಗಂ ಕೋರ್ಟಿಗೆ ಹೋದರು: ಇವರು 1949ರಲ್ಲಿ ಕ್ರೈಸ್ತರಾದವರು, ಆದಿ ದ್ರಾವಿಡ ಅಲ್ಲ ಅಂತ. ಸುಪ್ರೀಂ ಕೋರ್ಟಿನವರೆಗೆ ಹೋಗಿ ರಾಜಗೋಪಾಲ್ ಸೋತರು. 1972ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. ಮತ್ತೆ ಅದೇ ಕೇಸ್. ಈ ಸಲ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು. ದಕ್ಷಿಣ ಭಾರತದಲ್ಲಿ ಧರ್ಮ ಬದಲಾದರೂ ಜಾತಿ ಹೋಗದೆ ಇರಬಹುದು, ಮರಳಿ ಬಂದವನನ್ನು ಜಾತಿಯವರು ಒಪ್ಪಿಕೊಂಡರೆ ಅವನು ಆ ಜಾತಿಯವನೇ ಅಂತ. ಅಂದರೆ ದೇಶದ ಅತಿ ದೊಡ್ಡ ಕೋರ್ಟಿಗೂ ಗೊತ್ತಿತ್ತು, ಚರ್ಚಿಗೆ ಹೋದ ಮಾತ್ರಕ್ಕೆ ಜಾತಿ ತೊಳೆದು ಹೋಗೋದಿಲ್ಲ ಅನ್ನೋದು.

1985ರ ಸೂಸೈ ಕೇಸ್ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಸೂಸೈ ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲೆಯುವವನು. ಆದಿ ದ್ರಾವಿಡ, ಕ್ರೈಸ್ತ. ಚಪ್ಪಲಿ ಹೊಲೆಯುವವರಿಗೆ ಸರ್ಕಾರ ಉಚಿತ ಗೂಡಂಗಡಿ ಕೊಟ್ಟಿತು. ಹಿಂದೂ ಚಮ್ಮಾರರಿಗೆ ಸಿಕ್ಕಿತು, ಸೂಸೈಗೆ ಇಲ್ಲ. ಒಂದೇ ಕೆಲಸ, ಒಂದೇ ಧೂಳು, ಒಂದೇ ಉಳಿ ಸುತ್ತಿಗೆ. ಸುಪ್ರೀಂ ಕೋರ್ಟ್ ಏನಂತು? ಕ್ರೈಸ್ತ ಸಮಾಜದ ಒಳಗೂ ಅದೇ ಜಾತಿ ಹಿಂಸೆ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅಂತ ತೋರಿಸಬೇಕು, ಅದಕ್ಕೆ ಸಾಕಷ್ಟು ಆಧಾರ ಕೋರ್ಟಿನ ಮುಂದೆ ಇಲ್ಲ ಅಂತು.

ಆಧಾರ ಯಾಕೆ ಇರಲಿಲ್ಲ? ಸಭೆಗಳು ನೂರೈವತ್ತು ವರ್ಷ "ನಮ್ಮಲ್ಲಿ ಜಾತಿ ಇಲ್ಲ" ಅಂತ ಬರೆದುಕೊಂಡು ಬಂದಿದ್ದವು. ಗೋಡೆ, ಬೇರೆ ಬೆಂಚು, ಬೇರೆ ಸ್ಮಶಾನ ಎಲ್ಲ ಕಣ್ಣಿಗೆ ಕಾಣ್ತಿತ್ತು, ಪುಸ್ತಕಕ್ಕೆ ಬರಲಿಲ್ಲ. 1833ರಲ್ಲಿ ಬಿಷಪ್ ವಿಲ್ಸನ್ ಹೇಳಿದ ಒಳ್ಳೆಯ ಮಾತು ಸೂಸೈನ ಗೂಡಂಗಡಿಗೆ ಅಡ್ಡ ಬಂತು. ಒಳ್ಳೆಯ ಮಾತಿನದ್ದು ತಪ್ಪಲ್ಲ, ಅದನ್ನು ಹೇಳಿ ನಡೆಸದೆ ಬಿಟ್ಟದ್ದು ತಪ್ಪು. ತಪ್ಪಿನ ಬಿಲ್ಲು ನೂರೈವತ್ತೆರಡು ವರ್ಷ ಆದ ಮೇಲೆ ಬಂತು, ಅದೂ ಚಪ್ಪಲಿ ಹೊಲೆಯುವವನ ಹೆಸರಿಗೆ ಬಂತು. ಬಿಷಪ್ಪರ ಹೆಸರಿಗಲ್ಲ.

2007ರಲ್ಲಿ ರಂಗನಾಥ ಮಿಶ್ರ ಆಯೋಗ 3ನೇ ಪ್ಯಾರಾ ತೆಗೆದುಹಾಕಿ ಅಂತ ಶಿಫಾರಸು ಮಾಡಿತು. ಕಡತ ಅಲ್ಲೇ ಕುಂತಿತು. 2022ರ ಅಕ್ಟೋಬರಿನಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. 2 ವರ್ಷ ಅಂದರು, ಆಮೇಲೆ ಅವಧಿ ವಿಸ್ತರಿಸಿದರು. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸು ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಅಪ್ಪ ಹಿಂದೂ, ಅವ್ವ ಕ್ರೈಸ್ತಳು, ಮಗಳಿಗೆ ದೀಕ್ಷಾಸ್ನಾನ ಆಗಿತ್ತು. ಮೇಲ್ದರ್ಜೆ ಗುಮಾಸ್ತೆ ಹುದ್ದೆಗೆ ಎಸ್‌ಸಿ ಸರ್ಟಿಫಿಕೇಟ್ ಕೇಳಿದ್ದಳು. ಚರ್ಚಿಗೆ ಹೋಗಿ ಕ್ರೈಸ್ತಳಾಗಿಯೇ ಬದುಕುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನೋದು ಸಂವಿಧಾನಕ್ಕೆ ಮೋಸ ಅಂತು ಕೋರ್ಟು. ಇರೋ ಕಾನೂನಿನ ಪ್ರಕಾರ ತೀರ್ಪು ಬಂದಿದೆ. ಆದರೆ ಆ ಕಾನೂನು ಸರಿಯೇ ಅನ್ನೋದು ನನ್ನ ಪ್ರಶ್ನೆ.

ನಮ್ಮ ಕಡೆ ಇದರ ಪರಿಣಾಮ ಏನು? ಹೆಸರು, ಊರು ಹೇಳೋದಿಲ್ಲ, ಹೇಳಬಾರದು. ಒಂದೇ ಮನೆಯಲ್ಲಿ ಅಣ್ಣ ಎಸ್‌ಸಿ, ತಮ್ಮ ಕ್ರಿಶ್ಚಿಯನ್. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು. ಭಾನುವಾರ ಪ್ರಾರ್ಥನೆಗೆ ಹೋಗೋವಾಗ ಯಾರಾದರೂ ಫೋಟೋ ತೆಗೆದಾರು ಅನ್ನೋ ಹೆದರಿಕೆ. 2021ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿ ಸುವರ್ಣ ಸೌಧದಲ್ಲೇ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸು ಮಾಡಿದ ಮೇಲೆ ಆ ಹೆದರಿಕೆ ಇನ್ನೂ ಹೆಚ್ಚಾಯ್ತು. ಊರಲ್ಲಿ ಹೊಡೆತ ಬಿದ್ದರೆ ಅಣ್ಣನಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ತಮ್ಮನಿಗೆ ಇಲ್ಲ. ಹೊಡೆಯುವವನು ಮಾತ್ರ ಇಬ್ಬರನ್ನೂ ಒಂದೇ ಹೆಸರಿನಿಂದ ಬೈದು ಹೊಡೀತಾನ. ಅವನಿಗೆ 3ನೇ ಪ್ಯಾರಾ ಗೊತ್ತಿಲ್ಲ.

ಕರ್ನಾಟಕದಲ್ಲಿ ಒಂದು ಸಣ್ಣ ಬಾಗಿಲು ತೆರೆದಿದೆ. ಕ್ರೈಸ್ತ ಧರ್ಮಕ್ಕೆ ಮತಾಂತರವಾದ ಪರಿಶಿಷ್ಟ ಜಾತಿಯವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರ್ತಾರ. 4% ಮೀಸಲಾತಿ, ಅದರಲ್ಲಿ ಇನ್ನೂ ಹತ್ತಾರು ಜಾತಿಗಳ ಜೊತೆ ಪಾಲು. ಎಷ್ಟೋ ಕುಟುಂಬಗಳಿಗೆ ಇದೂ ಗೊತ್ತಿಲ್ಲ. ಸುಳ್ಳು ಸರ್ಟಿಫಿಕೇಟಿನ ಹಿಂದೆ ಬಿದ್ದು ಕೆಲಸ ಕಳಕೊಳ್ಳೋ ಬದಲು, ಇರೋ ಹಕ್ಕನ್ನು ಮೊದಲು ತಗೋರಿ. ಹಕ್ಕು ವಿಸ್ತರಿಸಲಿಕ್ಕೆ ಬೀದಿಗೆ ಬರ್ರಿ, ನಾವೂ ಜೊತೆಗೆ ಬರ್ತೀವಿ.

ನಮ್ಮ ಗೆಳೆಯರ ಒಂದು ಭಯ ನನಗೂ ಅರ್ಥ ಆಗ್ತದ. ಇವರೂ ಬಂದರೆ ನಮ್ಮ ಪಾಲು ಕಡಿಮೆ ಆಗ್ತದಲ್ಲ ಅಂತ. ನ್ಯಾಯವಾದ ಭಯ. ಅದಕ್ಕೆ ಉತ್ತರ, ಜನಸಂಖ್ಯೆ ಸೇರಿದಷ್ಟು ಮೀಸಲಾತಿ ಪ್ರಮಾಣವೂ ಏರಬೇಕು ಅಂತ ಒಟ್ಟಿಗೆ ಕೇಳೋದು. ಅಣ್ಣನ ತಟ್ಟೆ ಸಣ್ಣದು ಅಂತ ತಮ್ಮನನ್ನು ಹೊರಗೆ ಕೂಡಿಸೋದು ಉತ್ತರ ಅಲ್ಲ.

ಚರ್ಚಿನ ಹಿರಿಯರಿಗೂ ಒಂದು ಮಾತು. ನಿಮ್ಮ ಸಭೆಯಲ್ಲಿ ಜಾತಿ ಇದ್ದರೆ ಇದೆ ಅಂತ ಒಪ್ಪಿಕೊಳ್ರಿ, ಬರೆದಿಡ್ರಿ. ನೀವು ಮುಚ್ಚಿಟ್ಟಷ್ಟೂ ಆಯೋಗದ ಮುಂದೆ ನಿಮ್ಮ ಬಡವರ ಕಡತ ಖಾಲಿ ಹೋಗ್ತದ.

ಈಗ ಮತ್ತೆ ಆ ಗಾದೆಗೆ ಬರ್ತೀನಿ. "ಮಾಡಿದ್ದುಣ್ಣೋ ಮಹಾರಾಯ" ಅನ್ನೋದರ ಒಳಗೆ ಕರ್ಮ ಸಿದ್ಧಾಂತ ಅಡಗಿ ಕುಂತೈತಿ. ನೀನು ಹೊಲೆಗೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ ಅಂತ ನಮಗೆ ಸಾವಿರಾರು ವರ್ಷ ಹೇಳಿದರಲ್ಲ, ಅದೇ ಮಾತನ್ನು ಈಗ ನಾವು ನಮ್ಮ ತಮ್ಮಂದಿರಿಗೆ ಹೇಳ್ತಾ ಇದ್ದೇವೆ. ಬೈಬಲ್ಲಿನಲ್ಲೂ ಹಿಂಥಾದೊಂದು ಗಾದೆಯ ಮಾತು ಬರ್ತದ, ಅಪ್ಪಂದಿರು ತಿಂದ ಹುಳಿಗೆ ಮಕ್ಕಳ ಹಲ್ಲು ಚಳಿತಂತೆ. ಪ್ರವಾದಿ ಯೆಹೆಜ್ಕೇಲ ಆ ಗಾದೆಯನ್ನು ಇನ್ನು ಆಡಬೇಡಿ ಅಂತಾನ, ಒಬ್ಬನ ಪಾಪ ಇನ್ನೊಬ್ಬನ ತಲೆಗೆ ಕಟ್ಟಬಾರದು ಅಂತಾನ. ಧರ್ಮದ ಮಾತು ಬಿಡ್ರಿ, ಇದು ಸಾದಾ ನ್ಯಾಯದ ಮಾತು.

ಕರ್ಮಕ್ಕೆ ತಾರೀಖು ಇರೋದಿಲ್ಲ, ಸಹಿ ಇರೋದಿಲ್ಲ, ಅದನ್ನು ತಿದ್ದಲಿಕ್ಕೂ ಬರೋದಿಲ್ಲ. ನಾನು ಮೇಲೆ ಹೇಳಿದ ಪ್ರತಿಯೊಂದಕ್ಕೂ ತಾರೀಖು ಐತಿ. 1856ರದ್ದನ್ನು 1923ರಲ್ಲಿ ತಿದ್ದಲಿಕ್ಕೆ ಹೊರಟರು. 1950ರದ್ದನ್ನು ಸಿಖ್ಖರಿಗೆ 1956ರಲ್ಲಿ, ನಮಗೆ 1990ರಲ್ಲಿ ತಿದ್ದಿದರು. ಮನುಷ್ಯ ಸಹಿ ಮಾಡಿದ್ದನ್ನು ಮನುಷ್ಯನೇ ತಿದ್ದಿದ್ದಾನೆ. 3ನೇ ಪ್ಯಾರಾ ಕೂಡ ಒಂದು ಸಹಿಯೇ.

ಇವತ್ತು ನಾವು ಸುಮ್ಮನಿದ್ದರೆ ಅದೂ ಒಂದು ಆಯ್ಕೆ. ಅದರ ಬಿಲ್ಲು ನಮಗೆ ಬರೋದಿಲ್ಲ. ನಲವತ್ತು ವರ್ಷದ ಮೇಲೆ ಇದೇ ಕೇರಿಯ ಯಾವುದೋ ಹುಡುಗಿ ಕೌಂಟರಿನ ಮುಂದೆ ನಿಂತು ಅದನ್ನು ಕಟ್ಟಬೇಕಾಗ್ತದ.

ಓದಿದವರು ನಿಮ್ಮ ಊರಿನ ಕ್ರೈಸ್ತ ಬೀಗರಿಗೂ ಕಳಿಸ್ರಿ. ಪ್ರವರ್ಗ-1ರ ಅರ್ಜಿ ಬರೆಯಲಿಕ್ಕೆ ತೊಂದರೆ ಇದ್ದರೆ ಮೆಸೇಜ್ ಮಾಡ್ರಿ, ರಜೆ ದಿನ ನಾನೇ ಕುಂತು ಬರೆದುಕೊಡ್ತೀನಿ.

ಜೈಭೀಮ್.